ಮೂವತ್ತೇಳು ಚಿಂತೆ, ಒಂದು ಪೆಟ್ಟಿಗೆ

ಚಳಿ ಹಿಂದೆ ಸರಿದು ಬಿಸಿಲಿನ್ನೂ ಚುರುಕಾಗದ ದಿನಗಳು. ಬೆಳಗಿನ ಐದೂವರೆ. ಬ್ಯಾಡ್ಮಿಂಟನ್ ಹಾಲಿನ ಬಾಗಿಲು ತೆಗೆದು, ಎರಡು ದೀಪ ಹಾಕಿ, ನಾನು ಕೋರ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆಗ ಒಳಗೆ ಬಂದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಕಾಗದ, ಕೊರಳಲ್ಲಿ ಹೊಸ ಸೀಟಿ.

"ಅಣ್ಣ, ಇವತ್ತಿಂದ ಈ ಹಾಲಲ್ಲಿ ಯಾರೂ ಸೋಲಲ್ಲ" ಅಂದ.

"ಇಬ್ಬರು ಆಡಿದ್ಮೇಲೆ ಒಬ್ಬ ಸೋಲಲೇಬೇಕಲ್ಲಪ್ಪ" ಅಂದೆ.

"ಪಾಯಿಂಟಲ್ಲಿ ಸೋಲಬಹುದು. ಮನಸ್ಸಲ್ಲಿ ಸೋಲಲ್ಲ" ಅಂದು ಸುರುಳಿ ಬಿಚ್ಚಿದ.

ಅದು ಪ್ರಮಾಣಪತ್ರ. ಪಕ್ಕದ ಊರಿಗೆ ಆಟಗಾರರ ಮನಸ್ಸಿನ ತಜ್ಞರೊಬ್ಬರು ಬಂದಿದ್ದರಂತೆ. ಪಂದ್ಯದ ಬಿಸಿ ತಲೆಗೇರಿದಾಗ ಆಟಗಾರ ಏನು ಮಾಡಬೇಕು ಅಂತ ಎರಡು ಗಂಟೆ ಮಾತಾಡಿದರಂತೆ. ಮೊದಲ ಒಂದು ಗಂಟೆ ನನ್ನ ಷಡ್ಡಕ ಬಸ್ಸಿನಲ್ಲಿದ್ದ. ಉಳಿದ ಒಂದು ಗಂಟೆಯಲ್ಲಿ ಕಾಲು ಗಂಟೆ ಚಹಾಕ್ಕೆ ಬಿಟ್ಟರು. ಮಿಕ್ಕ ಮುಕ್ಕಾಲು ಗಂಟೆಯ ವಿದ್ಯೆಯಿಂದ ಅವನು ಮನಸ್ಸಿನ ಮಾಸ್ತರನಾಗಿ ವಾಪಸು ಬಂದಿದ್ದ. ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಅದನ್ನು ಅವನೇ ತುಂಬಿಕೊಂಡಿದ್ದ.

ಅವನ ಬಗ್ಗೆ ಒಂದೆರಡು ಮಾತು ಹೇಳಬೇಕು. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸ. ಇಪ್ಪತ್ತು ವರ್ಷ ಜನರ ಹಿತ್ತಲಿನಲ್ಲಿ ಬಗ್ಗಿ ಬಗ್ಗಿ ನೋಡಿ, ನೆಟ್ಟಗೆ ನಿಂತಾಗಲೂ ಸ್ವಲ್ಪ ಮುಂದಕ್ಕೆ ವಾಲಿರುತ್ತಾನೆ. ಒಳ್ಳೆಯವನು. ಬಲಕ್ಕೆ ಹೋಗು ಅಂದರೆ ಬಲಕ್ಕೇ ಹೋಗುತ್ತಾನೆ, ಆದರೆ ತನ್ನ ಬಲಕ್ಕೋ ಹೇಳಿದವನ ಬಲಕ್ಕೋ ಅಂತ ದಾರಿಯಲ್ಲಿ ನಿಂತು ಯೋಚಿಸುತ್ತಾನೆ.

ಮಾಸ್ತರಿಕೆಯ ಹುಚ್ಚು ಅವನಿಗೆ ಸುಮ್ಮನೆ ಹತ್ತಿರಲಿಲ್ಲ. ಅವನಿಗೊಬ್ಬಳೇ ಮಗಳು, ಹದಿನೆಂಟು ವರ್ಷ. ಏಳು ವರ್ಷದವಳಿದ್ದಾಗಿನಿಂದ ನನ್ನ ಕಣ್ಣೆದುರಿಗೇ ಆಡಿ ಬೆಳೆದವಳು. ಅವಳ ರ‍್ಯಾಕೆಟ್ಟಿಗೆ ಗಟ್ಟಿಂಗ್ ಮಾಡುವವನು, ಅಂದರೆ ತಂತಿ ಬಿಗಿಯುವವನು, ನಾನೇ. ಹಾಗೆ ಆಡುವ ಹುಡುಗಿಯನ್ನು ಈ ಹಾಲಿನಲ್ಲಿ ನಾನು ಇನ್ನೊಬ್ಬಳನ್ನು ನೋಡಿಲ್ಲ. ಆದರೆ ಹೋದ ವರ್ಷದ ಆಯ್ಕೆ ಪಂದ್ಯದಲ್ಲಿ, ಫೈನಲ್ಲಿನ ಕೊನೆಯ ಆಟದಲ್ಲಿ ಇಪ್ಪತ್ತು ಹದಿನೇಳು ಮುಂದಿದ್ದವಳು ಇಪ್ಪತ್ತು ಇಪ್ಪತ್ತೆರಡರಲ್ಲಿ ಸೋತಳು. ಒಂದೇ ಒಂದು ಪಾಯಿಂಟು ಬೇಕಿತ್ತು, ಕೈ ಮರಗಟ್ಟಿದವಳ ಹಾಗೆ ನಿಂತುಬಿಟ್ಟಳು. ಗೆದ್ದಿದ್ದರೆ ದೊಡ್ಡ ತರಬೇತಿ ಕೇಂದ್ರದಲ್ಲಿ ಜಾಗ, ಅಲ್ಲೇ ಊಟ, ಅಲ್ಲೇ ವಾಸ. ಈ ವರ್ಷದ ಆಯ್ಕೆ ಪಂದ್ಯಕ್ಕೆ ಇನ್ನು ಹದಿಮೂರು ದಿನ ಇತ್ತು. ಅದೂ ಇದೇ ಹಾಲಿನಲ್ಲಿ. ಇದು ದಾಟಿದರೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು.

"ಕೊನೇ ಪಾಯಿಂಟಿಗೆ ಅವಳಿಗೆ ಏನೋ ಆಗುತ್ತೆ ಅಣ್ಣ. ಅದನ್ನ ನಾನು ತೆಗೀತೀನಿ" ಅಂದ. ಮೀಟರಿನೊಳಗೆ ಸಿಕ್ಕ ಕಲ್ಲಿನ ಮಾತಾಡುವವನ ಹಾಗೆ ಹೇಳಿದ.

ಆರು ಗಂಟೆಗೆ ಆಟಗಾರರು ಬಂದರು. ಔಷಧಿ ಅಂಗಡಿಯವರು, ಬ್ಯಾಂಕಿನ ಕ್ಯಾಷಿಯರು, ಹಲ್ಲಿನ ಡಾಕ್ಟರು, ದರ್ಜಿ, ಇನ್ನೂ ಏಳೆಂಟು ಜನ. ಷಡ್ಡಕ ಎಲ್ಲರನ್ನೂ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದಿದ.

"ನಾಲ್ಕು ಎಣಿಸೋವರೆಗೆ ಉಸಿರು ಒಳಗೆ. ಆಮೇಲೆ ಹಿಡ್ಕೊಳ್ಳಿ. ನಾನು ಹೇಳಿದ್ಮೇಲೆ ಬಿಡಿ."

ಎಲ್ಲರೂ ಎಳೆದುಕೊಂಡರು. "ಹಿಡ್ಕೊಳ್ಳಿ" ಅಂದ. ಅಷ್ಟರಲ್ಲಿ ಅವನಿಗೆ ಫೋನು ಬಂತು. ಯಾರದೋ ಮನೆಯ ಮೀಟರು ಹಿಂದಕ್ಕೆ ತಿರುಗುತ್ತಿದೆಯಂತೆ. "ಹಿಂದಕ್ಕೆ ಅಂದ್ರೆ ಯಾವ ಕಡೆಯಿಂದ ನೋಡಿದ್ರೆ ಹಿಂದಕ್ಕೆ" ಅಂತ ಅವನು ವಿಚಾರಿಸುತ್ತ ಬಾಗಿಲಾಚೆ ಹೋದ. ಗೆರೆಯ ಮೇಲೆ ಹನ್ನೊಂದು ಜನ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದರು. ಕ್ಯಾಷಿಯರ ಕಣ್ಣು ಹೊರಗೆ ಬಂತು. ದರ್ಜಿ ನೇರಳೆ ಬಣ್ಣಕ್ಕೆ ತಿರುಗಿದ. ನಾನೇ ಧೈರ್ಯ ಮಾಡಿ, "ಬಿಡ್ರಪ್ಪ, ಬಿಡಿ" ಅಂದೆ. ಆ ದಿನ ನಾನು ಹೇಳಿದ ಮಾತು ಕೇಳಿದಷ್ಟು ಬೇಗ ಈ ಹಾಲಿನಲ್ಲಿ ಯಾವತ್ತೂ ಯಾರೂ ನನ್ನ ಮಾತು ಕೇಳಿಲ್ಲ.

ಅವನು ಕಲಿತುಬಂದ ಎರಡನೆಯ ವಿದ್ಯೆ ಚಿಂತೆಯ ಚೀಟಿ. ಆಡುವುದಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿರುವ ಚಿಂತೆಯನ್ನು ಒಂದು ಚೀಟಿಯಲ್ಲಿ ಬರೆಯಬೇಕು. ಹೆಸರು ಹಾಕಬಾರದು. ಬರೆದು ಒಂದು ಪೆಟ್ಟಿಗೆಗೆ ಹಾಕಿ ಕೋರ್ಟಿಗಿಳಿಯಬೇಕು. ಚಿಂತೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಮನುಷ್ಯ ಹಗುರವಾಗಿ ಆಡುತ್ತಾನೆ.

"ಒಂದು ಪೆಟ್ಟಿಗೆ ಬೇಕಲ್ಲ ಅಣ್ಣ. ಬಡಗಿಗೆ ಹೇಳಲಾ?"

ಇಲ್ಲಿ ನನ್ನದೂ ತಪ್ಪಿದೆ. ಮುಚ್ಚಿಡುವುದಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ಬಹಳ ವರ್ಷದಿಂದ ನೇತಾಡುತ್ತಿತ್ತು. ಮೇಲೆ ಬರೆದಿದ್ದ ಅಕ್ಷರ ಮಾಸಿಹೋಗಿತ್ತು. ಅಕ್ಷರ ಚೆನ್ನಾಗಿದ್ದಾಗಲೂ ನಾನದನ್ನು ಓದುವ ತೊಂದರೆ ತೆಗೆದುಕೊಂಡವನಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಗೋಡೆಯನ್ನೆಲ್ಲ ಓದುತ್ತ ಕೂತರೆ ಕಸ ಗುಡಿಸುವವರು ಯಾರು.

"ಇದೇ ಇದೆಯಲ್ಲ. ಯಾರೂ ಮುಟ್ಟಲ್ಲ. ಕೀಲಿಕೈ ಮಾತ್ರ ನನ್ನ ಹತ್ರ ಇಲ್ಲ" ಅಂದೆ.

"ಕೀಲಿಕೈ ಇಲ್ಲದಿರೋದೇ ಒಳ್ಳೇದು. ಹಾಕಿದ ಚಿಂತೆನ ಯಾರೂ ವಾಪಸ್ ತೆಗೆಯೋ ಹಾಗಿಲ್ಲ" ಅಂತ ಸಂತೋಷಪಟ್ಟ.

ಒಂದು ವಾರ ಜನ ಬರೆದರು, ಹಾಕಿದರು, ಆಡಿದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆಟ ಸುಧಾರಿಸಿತು. ಸರ್ವಿಸನ್ನು ನೆಟ್ಟಿಗೇ ಹೊಡೆಯುತ್ತಿದ್ದ ಹಲ್ಲಿನ ಡಾಕ್ಟರು ನೆಟ್ಟಿನ ಆಚೆಗೆ ಹೊಡೆದರು. ದರ್ಜಿ ಸೋತ ಮೇಲೂ ನಗುತ್ತಿದ್ದ. ನಾದಿನಿಯ ಮಗಳೂ ಒಂದು ಬೆಳಿಗ್ಗೆ ಗೋಡೆಗೆ ಕಾಗದ ಒತ್ತಿಕೊಂಡು ಏನೋ ಬರೆದಳು. ನಾಲ್ಕು ಮಡಿಕೆ ಮಾಡಿ, ಆಚೀಚೆ ನೋಡಿ, ಹಾಕಿದಳು. ಷಡ್ಡಕನೂ ಒಂದು ಹಾಕಿದ. ಮಾಸ್ತರರಿಗೂ ಚಿಂತೆ ಇರುತ್ತಾ ಅಂತ ಕ್ಯಾಷಿಯರು ಕೇಳಿದ್ದಕ್ಕೆ, ಮಾದರಿ ತೋರಿಸಬೇಕಲ್ಲ ಅಂದ.

ಸೋಮವಾರ ಹತ್ತು ಗಂಟೆಗೆ ನಗರಸಭೆಯ ಜವಾನ ಸೈಕಲ್ಲಿನಲ್ಲಿ ಬಂದ. ಜೇಬಿನಿಂದ ಒಂದು ಕೀಲಿಕೈ ತೆಗೆದು ಪೆಟ್ಟಿಗೆ ತೆರೆದ. ಚೀಟಿಗಳು ಅವನ ಕಾಲ ಮೇಲೆ ಸುರಿದವು. ಅವನು ಎರಡು ಹೆಜ್ಜೆ ಹಿಂದೆ ಹಾರಿದ.

"ಏನಯ್ಯ ಇದು, ಹನ್ನೊಂದು ವರ್ಷದಿಂದ ಖಾಲಿ ಇತ್ತು. ನಾನು ಸೋಮವಾರ ಸೋಮವಾರ ಮನೆಯಲ್ಲೇ ಕೂತು 'ಪೆಟ್ಟಿಗೆ ಖಾಲಿ' ಅಂತ ಸಹಿ ಹಾಕ್ತಿದ್ದೆ. ನಿನ್ನೆ ಈ ಕಡೆ ಹೋಗ್ತಾ ನೋಡ್ತೀನಿ, ಕಾಗದ ಹೊರಗೆ ಇಣುಕ್ತಿದೆ. ಎದೆ ಧಸಕ್ ಅಂತು" ಅಂದ.

ಎಲ್ಲವನ್ನೂ ಚೀಲಕ್ಕೆ ತುಂಬಿ ಒಯ್ದ. ಸಂಜೆ ಷಡ್ಡಕನಿಗೆ ಹೇಳಿದೆ. ಅವನ ಮುಖ ಅರಳಿತು.

"ಅಂದ್ರೆ ನಗರಸಭೆಗೆ ಸುದ್ದಿ ಹೋಗಿದೆ. ನನ್ನ ತರಬೇತಿನ ಅವರು ಪರಿಶೀಲನೆ ಮಾಡ್ತಿದ್ದಾರೆ."

"ಅವನು ಕೀಲಿಕೈ ತಂದಿದ್ನಪ್ಪ. ಪೆಟ್ಟಿಗೆ ಅವರದೇ ಇರಬೇಕು."

"ಅದೇ ನಾನು ಹೇಳೋದು. ಅವರೇ ಪೆಟ್ಟಿಗೆ ಕೊಟ್ಟಿದ್ದಾರೆ ಅಂದ್ಮೇಲೆ ಅವರದೂ ಒಪ್ಪಿಗೆ ಇದೆ ಅಂತ ಆಯ್ತು."

ಆ ಸಂತೋಷದಲ್ಲಿ ಹೊಸ ಅಂಗಿಗೆ ಅಳತೆ ಕೊಟ್ಟು ಬಂದ. ನಗರಸಭೆಯವರು ಕರೆದು ಸನ್ಮಾನ ಮಾಡಿದರೆ ಇರಲಿ ಅಂತ.

ಮಂಗಳವಾರ ಮೊದಲು ಬಂದವನು ವಿದ್ಯುತ್ ಕೆಲಸದವನು. ಏಣಿ ಹಾಕಿ ಎಡಗಡೆಯ ದೀಪ ಬಿಚ್ಚಿಕೊಂಡು ಹೋದ. 'ಎಡಗಡೆ ದೀಪ ಕಣ್ಣಿಗೆ ಬಿದ್ದು ಶಟಲ್ ಕಾಕ್ ಕಾಣುವುದಿಲ್ಲ' ಅಂತ ಯಾರೋ ಬರೆದಿದ್ದರಂತೆ. ಮಾರನೆಯ ದಿನ ಭೂಮಾಪನದವರು ಟೇಪು ಹಿಡಿದು ಬಂದರು. 'ಎದುರಿಗೆ ಆಡುವವರು ವಿಪರೀತ ಎತ್ತರ' ಅನ್ನುವುದು ಒಬ್ಬರ ಚಿಂತೆ. ಹಾಲಿನಲ್ಲಿ ವಿಪರೀತ ಎತ್ತರ ಇದ್ದವರು ಔಷಧಿ ಅಂಗಡಿಯವರೊಬ್ಬರೇ. ಅವರನ್ನು ಗೋಡೆಗೆ ನಿಲ್ಲಿಸಿ ಚಪ್ಪಲಿ ಹಾಕಿಸಿ ಒಂದು ಸಲ, ಬಿಚ್ಚಿಸಿ ಒಂದು ಸಲ ಅಳೆದರು.

"ನಾನೇನು ಸೈಟಾ" ಅಂತ ಅವರು ಕೇಳಿದರು.

"ಸೈಟಾದ್ರೆ ನಾಲ್ಕೂ ಕಡೆ ಅಳೀಬೇಕಿತ್ತು. ನಿಮ್ದು ಒಂದೇ ಕಡೆ, ಬೇಗ ಮುಗೀತು" ಅಂದರು ಅಳೆಯುವವರು.

ಬರೆದವರ ಹೆಸರಿಲ್ಲದ್ದರಿಂದ ಉತ್ತರಗಳನ್ನು ಹಾಲಿನ ಬಾಗಿಲಿಗೇ ಅಂಟಿಸಿದರು. 'ಸದರಿ ವ್ಯಕ್ತಿಯ ಎತ್ತರವನ್ನು ಪರಿಶೀಲಿಸಲಾಗಿ, ಯಾವುದೇ ಒತ್ತುವರಿ ಕಂಡುಬಂದಿರುವುದಿಲ್ಲ.' ಅದರ ಕೆಳಗೆ ಇನ್ನೊಂದು. 'ಕೊನೆಯ ಪಾಯಿಂಟಿಗೆ ಸರಿಯಾಗಿ ಹೆಂಡತಿ ಕೆಮ್ಮುವ ಬಗ್ಗೆ: ಆರೋಗ್ಯ ಶಾಖೆಗೆ ವರ್ಗಾಯಿಸಿದೆ.' ಯಾರ ಹೆಂಡತಿ ಅಂತ ಬರೆದಿರಲಿಲ್ಲವಲ್ಲ, ಹಾಗಾಗಿ ಆರೋಗ್ಯ ಶಾಖೆಯವರು ಆಟಗಾರರ ಹೆಂಡತಿಯರೆಲ್ಲರ ಮನೆಗೂ ಹೋಗಿ ಕಫ ಪರೀಕ್ಷೆಗೆ ಒಂದೊಂದು ಸಣ್ಣ ಬಾಟಲಿ ಕೊಟ್ಟರು. ಲೆಕ್ಕದಲ್ಲಿ ಒಂದು ಹೆಚ್ಚಿಗೆ ಉಳಿಯಿತು ಅಂತ ನಮ್ಮ ಮನೆಯವಳಿಗೂ ಒಂದು ಕೊಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಅಷ್ಟು ಸಿಟ್ಟಿನಲ್ಲಿ ನೋಡಿರಲಿಲ್ಲ.

"ನಾನು ಕೆಮ್ತೀನಿ ಅಂತ ನೀವೇ ಬರೆದ್ರಾ?"

"ನನಗೆ ಅಷ್ಟು ಬರೆಯೋಕೆ ಎಲ್ಲಿ ಬರುತ್ತೆ" ಅಂದೆ. ವಿದ್ಯೆ ಇಲ್ಲದ್ದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಗುರುವಾರ ಕ್ಯಾಷಿಯರ ಮಾವ ಬಂದರು. ಅಂಚೆ ಕಚೇರಿಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಕೈಯಲ್ಲಿ ನೋಟೀಸು.

"ಯಾವನಯ್ಯ ಇದನ್ನ ಬರೆದದ್ದು? 'ಅಂಚೆ ಕಚೇರಿಯ ನಿವೃತ್ತರು ಮೂರನೇ ಸಾಲಿನಲ್ಲಿ ಕೂತು ನಾಲಿಗೆ ಲೊಚಗುಟ್ಟುವುದರಿಂದ ಆಟಗಾರನ ಕೈ ನಡುಗುತ್ತದೆ' ಅಂತೆ. ಏಳು ದಿನದಲ್ಲಿ ನಾನು ವಿವರಣೆ ಕೊಡಬೇಕಂತೆ. ನಾಲಿಗೆಗೆ ವಿವರಣೆ ಏನು ಕೊಡೋದು?"

ಕ್ಯಾಷಿಯರು ಆಗ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಮಾವ ಹೋಗುವವರೆಗೂ ಕಟ್ಟಿಕೊಳ್ಳುತ್ತಲೇ ಇದ್ದರು.

ಇಷ್ಟಾದರೂ ಷಡ್ಡಕನಿಗೆ ಹೊಳೆಯಲಿಲ್ಲ. "ನೋಡಿದ್ರಾ ಅಣ್ಣ, ಒಂದೊಂದು ಚಿಂತೆಗೂ ಒಂದೊಂದು ಇಲಾಖೆ. ತಜ್ಞರು ಕೂಡ ಇಷ್ಟು ಮಾಡಲ್ಲ" ಅಂದ.

ಶುಕ್ರವಾರ ಮಧ್ಯಾಹ್ನ ಎಂಜಿನಿಯರು ಬಂದಾಗ ಹೊಳೆಯಿತು, ಅದು ನಗರಸಭೆಯ ದೂರಿನ ಪೆಟ್ಟಿಗೆ ಅಂತ.

ವಯಸ್ಸು ಚಿಕ್ಕದು, ಫೈಲು ದೊಡ್ಡದು. 'ಈ ಹಾಲಿನ ಛಾವಣಿ ಮೇಲೆ ಬೀಳುತ್ತದೆ ಅಂತ ಭಯ. ಕಂಬದ ಪಕ್ಕ ಕೂತಾಗ ಜಾಸ್ತಿ' ಅಂತ ಓದಿದರು. ಉದ್ದನೆಯ ಬಿದಿರಿನಲ್ಲಿ ಛಾವಣಿಯನ್ನು ತಟ್ಟಿದರು. ಕಂಬವನ್ನು ತಟ್ಟಿದರು. ನನ್ನನ್ನೂ ಒಂದು ಸಲ ನೋಡಿದರು.

"ಏನಾದ್ರೂ ಬಿರುಕು ಇದೆಯಾ ಸಾರ್?"

"ಏನೂ ಇಲ್ಲ. ಗಟ್ಟಿಯಾಗಿದೆ."

"ಹಾಗಾದ್ರೆ ಆಯ್ತಲ್ಲ."

"ಎಲ್ಲಿ ಆಯ್ತು? ಬೀಳಲ್ಲ ಅಂತ ಬರೆದುಕೊಡೋ ಅಧಿಕಾರ ನನಗಿಲ್ಲ. ಬೀಳಬಹುದು ಅಂತ ಬರೆಯೋ ಅಧಿಕಾರ ಇದೆ" ಅಂದರು. ಇದ್ದ ಅಧಿಕಾರವನ್ನು ಉಪಯೋಗಿಸಿ ಬಾಗಿಲಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿ ಹೋದರು.

ಆಯ್ಕೆ ಪಂದ್ಯ ಭಾನುವಾರ ಬೆಳಿಗ್ಗೆ ಎಂಟಕ್ಕೆ. ಷಡ್ಡಕ ಆಯ್ಕೆ ಸಮಿತಿಯವರಿಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ಇದ್ದೆ. ಅವನು ಫೋನು ಇಟ್ಟು ನನ್ನ ಕಡೆ ತಿರುಗಿದ.

"ಹಾಲು ತೆಗೀದಿದ್ರೆ ಪಂದ್ಯ ಇಲ್ವಂತೆ. ಹೋದ ವರ್ಷದ ಫಲಿತಾಂಶನೇ ಇಟ್ಕೋತಾರಂತೆ. ಹೋದ ವರ್ಷ ಗೆದ್ದವಳೇ ಹೋಗ್ತಾಳಂತೆ."

ಹೋದ ವರ್ಷ ಸೋತವಳು ಅಲ್ಲೇ ಮೆಟ್ಟಿಲ ಮೇಲೆ ರ‍್ಯಾಕೆಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

ಷಡ್ಡಕ ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ.

ಶನಿವಾರ ನಗರಸಭೆ ಅರ್ಧ ದಿನ. ಹತ್ತಕ್ಕೆ ನಾವು ಮೂವರೂ ದೂರು ವಿಭಾಗದ ಮೇಡಂ ಮುಂದೆ ನಿಂತಿದ್ದೆವು. ಆ ಹೆಂಗಸು ಕೆಟ್ಟವರಲ್ಲ. ಹನ್ನೊಂದು ವರ್ಷ ಒಂದು ದೂರೂ ಬರದೆ ಕೂತು ಕೂತು, ಹನ್ನೊಂದು ಸ್ವೆಟರ್ ಹೆಣೆದು ಮುಗಿಸಿದವರು. ಒಂದೇ ಸೋಮವಾರ ಮೂವತ್ತೇಳು ದೂರು ಬಂದದ್ದು ನೋಡಿ, ಸೂಜಿ ಪಕ್ಕಕ್ಕಿಟ್ಟು ಕೆಲಸಕ್ಕೆ ಬಿದ್ದಿದ್ದರು. ಮೇಜಿನ ಮೇಲೆ ಮೂವತ್ತೇಳು ಕಡತ, ಪ್ರತಿಯೊಂದಕ್ಕೂ ನಂಬರು, ಪ್ರತಿಯೊಂದಕ್ಕೂ ಕೆಂಪು ದಾರ.

ಷಡ್ಡಕ ಎಲ್ಲ ಹೇಳಿದ. ಬಸ್ಸಿನಿಂದ ಶುರು ಮಾಡಿ ಸೀಟಿಯವರೆಗೆ.

"ಅಂದ್ರೆ ಇವು ದೂರುಗಳಲ್ಲ?" ಅಂದರು ಮೇಡಂ. ಅವರ ಧ್ವನಿ ಸಣ್ಣಗಾಯಿತು.

"ಅಲ್ಲ ಮೇಡಂ. ಚಿಂತೆಗಳು."

"ಚಿಂತೆಗೂ ದೂರಿಗೂ ಏನ್ರೀ ವ್ಯತ್ಯಾಸ?"

"ಚಿಂತೆಗೆ ಯಾರೂ ಬರೋದಿಲ್ಲ ಮೇಡಂ" ಅಂದ. ಅವನು ಜೀವನದಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಆಡಿದ್ದು ಅವನಿಗೇ ಗೊತ್ತಾಗಲಿಲ್ಲ.

ಮೇಡಂ ಕನ್ನಡಕ ಒರೆಸಿಕೊಂಡರು. "ನೋಡಿ, ನಂಬರು ಬಿದ್ದ ಮೇಲೆ ಸುಮ್ಮನೆ ಮುಚ್ಚೋಕಾಗಲ್ಲ. ಬರೆದವರು ಬಂದು, ತಮ್ಮದು ಯಾವುದು ಅಂತ ಹೇಳಿ, ಅದು ತೀರಿದೆ ಅಂತ ಸಹಿ ಹಾಕಬೇಕು. ಮೂವತ್ತೇಳೂ. ಒಂದು ಗಂಟೆಗೆ ಕಚೇರಿ ಮುಚ್ಚುತ್ತೆ."

ನಾನೂ ಹುಡುಗಿಯೂ ಅಂಗಡಿ ಅಂಗಡಿ, ಮನೆ ಮನೆ ಓಡಿದೆವು. ಹಲ್ಲಿನ ಡಾಕ್ಟರು ಒಬ್ಬ ರೋಗಿಯನ್ನು ಬಾಯಿ ತೆರೆಸಿ ಕೂರಿಸಿಯೇ ಬಂದರು. ಹನ್ನೊಂದೂವರೆಗೆ ಮೇಡಂ ಕೋಣೆಯಿಂದ ಮೆಟ್ಟಿಲವರೆಗೆ ಸಾಲು. ಅಂಚೆ ಕಚೇರಿಯ ಮಾವ ನೋಟೀಸಿಗೆ ವಿವರಣೆ ಕೊಡಲು ಮೊದಲೇ ಬಂದು ಕುರ್ಚಿ ಹಿಡಿದು ಕೂತಿದ್ದರು.

"ನಂಬರ್ ನಾಲ್ಕು, ಎತ್ತರದ ವಿಷಯ" ಅಂತ ಮೇಡಂ ಕರೆದರು. ದರ್ಜಿ ಮುಂದೆ ಬಂದ.

"ನೀನಾ?" ಅಂದರು ಔಷಧಿ ಅಂಗಡಿಯವರು. "ನನ್ನ ಪ್ಯಾಂಟು ಹೊಲೀತಾ ಹೊಲೀತಾ ನಿನಗೆ ಅಳತೆ ಗೊತ್ತಿರಲಿಲ್ಲವಾ?"

"ಗೊತ್ತಿದ್ದಕ್ಕೇ ಚಿಂತೆ ಸಾರ್" ಅಂದು ಸಹಿ ಹಾಕಿದ.

ಕೆಮ್ಮಿನ ಕಡತಕ್ಕೆ ಹಲ್ಲಿನ ಡಾಕ್ಟರು ಬಂದರು. ಅವರ ಹೆಂಡತಿ ಬಾಟಲಿ ವಾಪಸು ಕೊಡಲು ಬಂದವರು ಬಾಗಿಲಲ್ಲೇ ಇದ್ದರು. "ಈಗ ಕೆಮ್ಮು ಇಲ್ಲ" ಅಂತ ಡಾಕ್ಟರು ಬರೆದುಕೊಟ್ಟರು. ಹೆಂಡತಿ ಬಾಗಿಲಿಂದಲೇ ಒಂದು ಸಲ ಕೆಮ್ಮಿದರು. ಡಾಕ್ಟರ ಸಹಿ ಸೊಟ್ಟಗಾಯಿತು.

"ನಂಬರ್ ಹನ್ನೆರಡು. ಮೂರನೇ ಸಾಲು, ನಾಲಿಗೆ."

ಯಾರೂ ಅಲುಗಲಿಲ್ಲ. ಕ್ಯಾಷಿಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮೇಡಂ ಇನ್ನೊಂದು ಸಲ ಕರೆದರು. ಹುಡುಗಿ ಕ್ಯಾಷಿಯರ ಮುಖ ನೋಡಿದಳು, ಅಷ್ಟೇ. ಕ್ಯಾಷಿಯರು ಮುಂದೆ ಬಂದರು.

"ಏನ್ ಅಳಿಯಂದ್ರೇ, ನಾನು ಕೂತ್ರೆ ನಿಮಗೆ ಕೈ ನಡುಗುತ್ತಾ?" ಅಂದರು ಮಾವ.

"ಇಲ್ಲ ಮಾವ. ನಡುಗ್ತಿತ್ತು."

"ಹನ್ನೆರಡು ವರ್ಷದಿಂದ ಬಂದು ಕೂರ್ತಿದ್ದೀನಿ. ಒಂದು ಮಾತು ಹೇಳಬಾರದಾ? ನನಗೇನು ಆ ಆಟ ಅರ್ಥ ಆಗುತ್ತಾ? ನಾನು ಬರದಿದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ ಮಗಳು ಕಳಿಸ್ತಿದ್ಳು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ದೊಡ್ಡ ಉಸಿರು ಬಿಟ್ಟರು. ಹನ್ನೆರಡು ವರ್ಷದ ಭಾನುವಾರಗಳೆಲ್ಲ ಇಬ್ಬರಿಗೂ ಒಟ್ಟಿಗೇ ವಾಪಸು ಸಿಕ್ಕ ಹಾಗಾಯಿತು.

ಹನ್ನೆರಡೂ ಮುಕ್ಕಾಲಿಗೆ ಮೂವತ್ತೈದು ಕಡತ ಮುಚ್ಚಿದ್ದವು. ಎರಡು ಉಳಿದವು.

"ನಂಬರ್ ಮೂವತ್ತೊಂದು" ಅಂದರು ಮೇಡಂ. "ಇದಕ್ಕೆ ಯಾವ ಇಲಾಖೆನೂ ಸಿಗಲಿಲ್ಲ. ಆರೋಗ್ಯದವರು ನಮ್ಮದಲ್ಲ ಅಂದ್ರು. ಅಗ್ನಿಶಾಮಕದವರೂ ನಮ್ಮದಲ್ಲ ಅಂದ್ರು." ಆಮೇಲೆ ಓದಿದರು. "'ಕೊನೇ ಪಾಯಿಂಟಿನ ಹೊತ್ತಿಗೆ ನಮ್ಮಪ್ಪ ಉಸಿರಾಡೋದು ನಿಲ್ಲಿಸಿಬಿಡ್ತಾರೆ. ಮತ್ತೆ ಶುರು ಮಾಡ್ತಾರೋ ಇಲ್ಲವೋ ಅಂತ ನಾನು ಕಾಕ್ ಬಿಟ್ಟು ಅವರನ್ನ ನೋಡ್ತೀನಿ.'"

"ಅದು ನಂದು" ಅಂದಳು ಹುಡುಗಿ.

ಷಡ್ಡಕ ಸುತ್ತ ನೋಡಿದ. "ನಾನಾ? ನಾನು ಉಸಿರಾಡ್ತೀನಲ್ಲ?"

"ಆಡಲ್ಲ" ಅಂತು ಇಡೀ ಸಾಲು.

"ಹೋದ ವರ್ಷ ನಾನು ನಿಮ್ಮ ಬೆನ್ನಿಗೆ ಗುದ್ದಿದೆ, ನೆನಪಿಲ್ಲವಾ" ಅಂದರು ಔಷಧಿ ಅಂಗಡಿಯವರು.

ಅವನು ಮಗಳ ಕಡೆ ತಿರುಗಿದ. "ಹೇಳಬಾರದಿತ್ತಾ ಮಗಳೇ?"

"ಹೇಗಪ್ಪ ಹೇಳ್ಲಿ. ನೀವು ನನ್ನ ಮನಸ್ಸು ಸರಿ ಮಾಡೋಕೆ ಅಂತ ಬಸ್ ಹತ್ತಿ ಹೋಗಿ ಕಲಿತು ಬಂದ್ರಿ."

ಮೇಡಂ ಗಡಿಯಾರ ನೋಡಿ ಕೊನೆಯ ಕಡತ ಎತ್ತಿಕೊಂಡರು. "ನಂಬರ್ ಹತ್ತೊಂಬತ್ತು. ಛಾವಣಿ. ಮುದ್ರೆ ಒತ್ತಿಸಿದ್ದು ಇದೇ. ಯಾರದ್ದು?"

"ನಂದೇ ಮೇಡಂ" ಅಂದ ಷಡ್ಡಕ.

ನನಗೆ ಅವನ ಬೆನ್ನಿಗೆ ನಾನೂ ಒಂದು ಗುದ್ದಬೇಕು ಅನ್ನಿಸಿತು. ಹಾಲು ಮುಚ್ಚಿಸಿದವನು ಅವನೇ. ನಿನ್ನೆಯಿಂದ ಬಾಯಿ ಬಿಟ್ಟಿರಲಿಲ್ಲ.

"ಸರಿ. ಭಯ ಹೋಗಿದೆಯಾ? ಹೋಗಿದೆ ಅಂತ ಬರೆದು ಸಹಿ ಹಾಕಿ, ಮುದ್ರೆ ತೆಗೆಸ್ತೀನಿ" ಅಂತ ಮೇಡಂ ಪೆನ್ನು ಮುಂದೆ ಚಾಚಿದರು.

ಅವನು ಪೆನ್ನು ತೆಗೆದುಕೊಂಡ. ಕಾಗದದ ಮೇಲೆ ಬಗ್ಗಿದ. ಮೀಟರಿನಲ್ಲಿ ಎಷ್ಟಿದೆಯೋ ಅಷ್ಟೇ ಬರೆದು ಅಭ್ಯಾಸವಾದ ಕೈ ಅದು. ಬರೆಯಲಿಲ್ಲ.

"ಇನ್ನೂ ಇದೆ ಮೇಡಂ."

ಸಾಲು ನರಳಿತು.

"ಛಾವಣಿ ಗಟ್ಟಿಯಾಗಿದೆ ಅಂತ ಎಂಜಿನಿಯರ್ ಹೇಳಿದ್ರಲ್ಲಪ್ಪ" ಅಂದೆ.

"ಗಟ್ಟಿಯಾಗೇ ಇರುತ್ತೆ ಅಣ್ಣ. ಇವಳು ಇಪ್ಪತ್ತಕ್ಕೆ ಬಂದಾಗ ಮಾತ್ರ ಬೀಳುತ್ತೆ."

"ಹತ್ತೊಂಬತ್ತರಲ್ಲಿ?" ಅಂತ ಮೇಡಂ ವಿಚಾರಿಸಿದರು.

"ಹತ್ತೊಂಬತ್ತರಲ್ಲಿ ಸ್ವಲ್ಪ ಅಲುಗುತ್ತೆ."

ಮೇಡಂ ಅವನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಹತ್ತೊಂಬತ್ತನೇ ಕಡತದ ದಾರ ಬಿಚ್ಚಿ, ಮೂವತ್ತೊಂದನೆಯದರ ದಾರ ಬಿಚ್ಚಿ, ಎರಡನ್ನೂ ಒಂದರ ಮೇಲೊಂದು ಇಟ್ಟರು. ಅವರ ಮುಖ ಬೆಳಗಿತು. ನೌಕರಿಗೆ ಸೇರಿದ ಮೇಲೆ ಅವರಿಗೆ ಅಂಥ ದಿನ ಬಂದಿರಲಿಲ್ಲ ಅಂತ ಕಾಣುತ್ತದೆ.

"ಬರೆದುಕೊಳ್ಳಿ" ಅಂದರು ಗುಮಾಸ್ತನಿಗೆ. "ಕಡತ ಹತ್ತೊಂಬತ್ತರ ಅರ್ಜಿದಾರರು ಕಂಬದ ಪಕ್ಕ ಇಲ್ಲದ ಪಕ್ಷದಲ್ಲಿ ಸದರಿ ಛಾವಣಿಯಿಂದ ಯಾವುದೇ ಭಯವಿರುವುದಿಲ್ಲ. ಆದ್ದರಿಂದ ಪಂದ್ಯ ಮುಗಿಯುವವರೆಗೆ ಅವರು ಹಾಲಿನ ಹೊರಗಿರತಕ್ಕದ್ದು. ಹೊರಗಿರುವಂತೆ ಹಾಲಿನ ಕಾವಲುಗಾರರು ನೋಡಿಕೊಳ್ಳತಕ್ಕದ್ದು. ಕಡತ ಮೂವತ್ತೊಂದು ಸಹ ಇದರಿಂದಲೇ ತೀರಿದೆ."

"ಮಾಸ್ತರನಿಗೇ ಪ್ರವೇಶ ಇಲ್ವಾ ಮೇಡಂ?"

"ಉಸಿರಾಡೋಕೆ ಹೊರಗೆ ಗಾಳಿ ಚೆನ್ನಾಗಿರುತ್ತೆ" ಅಂದರು ಮೇಡಂ. ಒಂದು ಗಂಟೆಗೆ ಎರಡು ನಿಮಿಷ ಇರುವಾಗ ಆದೇಶಕ್ಕೆ ಮುದ್ರೆ ಒತ್ತಿದರು, ಬಾಗಿಲಿನ ಮುದ್ರೆ ತೆಗೆಸಿದರು.

ಭಾನುವಾರ ಒಳಗೆ ಪಂದ್ಯ, ಹೊರಗೆ ಮೆಟ್ಟಿಲ ಮೇಲೆ ನಾವಿಬ್ಬರು. ಹಾಲಿನ ಕಾವಲುಗಾರ ನಾನೇ ಆದ್ದರಿಂದ ನನಗೂ ಒಳಗೆ ಹೋಗುವಂತಿರಲಿಲ್ಲ. ಬಾಗಿಲ ಮೇಲೆ ಔಷಧಿ ಅಂಗಡಿಯವರ ಎತ್ತರ ತೀರಿದ ಕಾಗದ ಇನ್ನೂ ಇತ್ತು. ಮೊದಲ ಎರಡು ಸುತ್ತು ಹುಡುಗಿ ಆರಾಮಾಗಿ ಗೆದ್ದಳು. ಫೈನಲ್ಲಿಗೆ ಹೋದ ವರ್ಷದವಳೇ ಎದುರು.

ಮೂವತ್ತು ವರ್ಷ ಆ ಸದ್ದು ಕೇಳಿದವನಿಗೆ ಕಣ್ಣು ಬೇಕಾಗಿಲ್ಲ. ಸ್ಮ್ಯಾಷಿನ ಸದ್ದು ಬಾಗಿಲು ಬಡಿದ ಹಾಗೆ. ಡ್ರಾಪ್ ಹಾಕಿದರೆ ಸದ್ದೇ ಇಲ್ಲ, ಆಮೇಲೆ ಓಡುವ ಕಾಲಿನ ಕಿರ್ರು. ಅವಳ ರ‍್ಯಾಕೆಟ್ಟಿನ ಗಟ್ಟು ನಾನು ಬಿಗಿದದ್ದು. ಅದರ ಶ್ರುತಿ ಬೇರೆಯವರದಕ್ಕಿಂತ ಒಂದೆಳೆ ಮೇಲೆ.

"ಅದೇನು ಅಣ್ಣ?"

"ಅವಳ ಸ್ಮ್ಯಾಷು."

"ಇದು?"

"ಇದು ಪಕ್ಕದ ಮನೆಯವರು ಬಟ್ಟೆ ಒಗೀತಿರೋದು."

ಮೊದಲ ಆಟ ಅವಳದು, ಎರಡನೆಯದು ಎದುರಿನವಳದು. ಮೂರನೆಯದರಲ್ಲಿ ಒಳಗಿಂದ ಅಂಪೈರು ಇಪ್ಪತ್ತು ಹದಿನೆಂಟು ಅಂದದ್ದು ಕೇಳಿಸಿತು. ಷಡ್ಡಕ ನನ್ನ ತೋಳು ಹಿಡಿದ. ಚಪ್ಪಾಳೆ. ಇಪ್ಪತ್ತು ಹತ್ತೊಂಬತ್ತು. ಮತ್ತೆ ಚಪ್ಪಾಳೆ. ಇಪ್ಪತ್ತು ಸಮ. ಹೋದ ವರ್ಷ ಹೀಗೇ ಆದದ್ದು.

"ಅಣ್ಣ, ಛಾವಣಿ?"

ತಲೆಯೆತ್ತಿ ನೋಡಿದೆ. "ನಿಂತಿದೆ. ನೀನು ಉಸಿರಾಡು."

ನಾನೇ ಎಣಿಸಿದೆ, ಅವನು ಎಳೆದ. ನಾನು ಎಣಿಸಿದೆ, ಅವನು ಬಿಟ್ಟ. ಅವನ ಮಾಸ್ತರಿಕೆಗಿಂತ ನನ್ನದು ಚೆನ್ನಾಗಿತ್ತು. ಇಪ್ಪತ್ತೊಂದು ಇಪ್ಪತ್ತು, ಯಾರದ್ದು ಅಂತ ಕೇಳಿಸಲಿಲ್ಲ. ಆಮೇಲೆ ಬಹಳ ಹೊತ್ತು ಸದ್ದು. ಆ ಕಡೆ, ಈ ಕಡೆ, ಆ ಕಡೆ, ಈ ಕಡೆ. ಒಂದೆಳೆ ಮೇಲಿನ ಶ್ರುತಿ. ಕಾಲಿನ ಕಿರ್ರು. ಮತ್ತೆ ಏನೂ ಇಲ್ಲ.

ಬಾಗಿಲು ತೆರೆಯಿತು. ಔಷಧಿ ಅಂಗಡಿಯವರು ತಲೆ ಬಗ್ಗಿಸಿ ಹೊರಗೆ ಬಂದರು. ಎತ್ತರದವರು ಬಗ್ಗಿದರೆ ದುಃಖಕ್ಕೋ ಬಾಗಿಲಿಗೋ ಗೊತ್ತಾಗುವುದಿಲ್ಲ.

"ಗೆದ್ಲು" ಅಂದರು. "ಈ ಕಡೆ ಒಂದು ಸಲಾನೂ ತಿರುಗಲಿಲ್ಲ."

ಷಡ್ಡಕ ಎದ್ದು ನಿಂತ. ಒಳಗೆ ಓಡುತ್ತಾನೆ ಅಂದುಕೊಂಡೆ. ಓಡಲಿಲ್ಲ. "ಪಂದ್ಯ ಮುಗಿದಿದೆ ತಾನೇ? ಆದೇಶದಲ್ಲಿ ಮುಗಿಯುವವರೆಗೆ ಅಂತ ಇತ್ತು" ಅಂತ ನನ್ನನ್ನು ಕೇಳಿದ.

"ಮುಗಿದಿದೆ. ಹೋಗಪ್ಪ" ಅಂದೆ.

ಹೋದ. ಸ್ವಲ್ಪ ಹೊತ್ತಿಗೆ ನಾನೂ ಹೋದೆ. ಅಪ್ಪನೂ ಮಗಳೂ ಕಂಬದ ಪಕ್ಕ ಕೂತಿದ್ದರು, ಇಬ್ಬರಿಗೂ ಏದುಸಿರು. ನಾದಿನಿ ಇಬ್ಬರಿಗೂ ನೀರು ಕೊಡುತ್ತಿದ್ದಳು. "ಭಾವ, ಆಡಿದ್ದು ಯಾರು ಅಂತ ಹೊರಗಿನವರು ನೋಡಿದ್ರೆ ಗೊತ್ತಾಗಲ್ಲ" ಅಂದಳು ನನಗೆ.

ಹುಡುಗಿ ತರಬೇತಿ ಕೇಂದ್ರಕ್ಕೆ ಹೊರಟದ್ದು ಅದರ ಮುಂದಿನ ಬುಧವಾರ, ಬೆಳಗಿನ ಆರೂಕಾಲರ ಬಸ್ಸಿಗೆ. ನಾವೆಲ್ಲ ನಿಲ್ದಾಣಕ್ಕೆ ಹೋಗಿದ್ದೆವು. ನನ್ನ ಕಾಲು ಮುಟ್ಟಿ, "ದೊಡ್ಡಪ್ಪ, ಅಪ್ಪನ್ನ ನೋಡ್ಕೊಳ್ಳಿ" ಅಂದು ಹತ್ತಿದಳು. ಷಡ್ಡಕ ಬಾಳೆಹಣ್ಣು ತರುತ್ತೇನೆ ಅಂತ ಹೋದವನು ಬಸ್ಸು ಹೊರಟ ಮೇಲೆ ಬಂದ. ಪಕ್ಕದಲ್ಲಿ ಇನ್ನೊಂದು ಬಸ್ಸು ಆಗತಾನೆ ಹೊರಡುತ್ತಿತ್ತು. ಅವನು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ, ಹಣ್ಣಿನ ಚೀಲ ಎತ್ತಿ ಹಿಡಿದು, ತಿರುವು ದಾಟುವವರೆಗೂ ಕೈ ಬೀಸಿದ. ಆ ಬಸ್ಸಿನಿಂದಲೂ ಯಾರೋ ಪುಣ್ಯಾತ್ಮರು ಕೈ ಬೀಸಿದರು. ಅವನು ತೃಪ್ತಿಯಿಂದ ವಾಪಸು ಬಂದು, "ಅಳಲಿಲ್ಲ ನೋಡಿ ಅಣ್ಣ ಅವಳು, ನಗ್ತಾನೇ ಇದ್ಳು" ಅಂದ.

ಹೌದು ಅಂದೆ.